ಒಳಗೆ ಯಾರೋ ಇದ್ದಾರೆ

ಹೊನ್ನಾವರದ ನಮ್ಮ ಆಫೀಸಿನ ಸರ್ವರ್ ರೂಮು ಮೊದಲು ಬಲೆ ಇಡುವ ಗೋದಾಮಾಗಿತ್ತು. ಎಷ್ಟು ಸಲ ಬಣ್ಣ ಹೊಡೆಸಿದರೂ ಗೋಡೆಯಿಂದ ಮೀನಿನ ವಾಸನೆ ಹೋಗಲಿಲ್ಲ. ಎಸಿ ಹಾಕಿದಾಗಲಂತೂ ತಣ್ಣಗಿನ ಗಾಳಿಯ ಜೊತೆ ಅದೂ ಬರುತ್ತಿತ್ತು. ಈಗಲೂ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದಾಗ ಒಳಗೆ ಬಂಗುಡೆ ಇದ್ದರೆ, ಆ ತಣ್ಣನೆಯ ವಾಸನೆಗೆ ನನ್ನ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಸಿಲ್ಲಿ, ಐ ನೋ. ಆದರೆ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕೆ ಈಗ ಸೇರುವ ಮಕ್ಕಳಿಗೆ ನಾನು ಏನಾದರೂ ಹೇಳುವುದಿದ್ದರೆ ಆ ವಾಸನೆಯಿಂದಲೇ ಶುರು ಮಾಡಬೇಕು.

ನಮ್ಮದು ಮೀನುಗಾರರ ಸಹಕಾರಿ ಒಕ್ಕೂಟ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕಿನ ದೋಣಿಗಳು ಅದರ ಸದಸ್ಯರು. ಕಡಲಿಗೆ ಯಾರು ಇಳಿದರು, ಎಷ್ಟು ಜನ ಇದ್ದಾರೆ, ವಾಪಸು ಬಂದರೇ, ಇಷ್ಟನ್ನು ತಿಳಿದಿಟ್ಟುಕೊಳ್ಳುವುದು ನಮ್ಮ ವಿಭಾಗದ ಕೆಲಸ. ನಾನು ಸೇರಿದಾಗ ಭಟ್ಕಳದ ಸುದ್ದಿ ಬಸ್ ಕಂಡಕ್ಟರನ ಕೈಯಲ್ಲಿ ಚೀಟಿಯಾಗಿ ಬರುತ್ತಿತ್ತು. ದೋಣಿ ಮರಳಿ ದಕ್ಕೆಗೆ, ಅಂದರೆ ದೋಣಿ ಕಟ್ಟುವ ಕಟ್ಟೆಗೆ, ತಾಗಿದ ಮೇಲೆ ಅದು ಹೋದ ಸುದ್ದಿ ನಮಗೆ ಮುಟ್ಟಿದ್ದೂ ಇದೆ. ಆಮೇಲೆ ಫ್ಲಾಪಿ ಬಂತು, ಅದರ ಹಿಂದೆ ಸರ್ವರ್ ಬಂತು. ಕೊನೆಗೆ ಮೊಬೈಲ್. ದೋಣಿ ಬಿಡುವಾಗ ತಾಂಡೇಲ, ಅಂದರೆ ದೋಣಿಯ ಮುಖ್ಯಸ್ಥ, ದೋಣಿಯ ನಂಬರು ಮತ್ತು ಎಷ್ಟು ಜನ ಎಂದು ಒಂದು ಎಸ್ಸೆಮ್ಮೆಸ್ ಕಳಿಸಬೇಕು. ನಮ್ಮ ಸರ್ವರಿಗೆ ಚುಚ್ಚಿದ್ದ ಪುಟ್ಟ ಮೋಡೆಮ್ ಅದನ್ನು ಹಿಡಿಯುತ್ತಿತ್ತು. ಅದೇ ಯಂತ್ರದಲ್ಲಿದ್ದ ಒಂದು ಪ್ರೋಗ್ರಾಮು ಅದನ್ನು ಡೇಟಾಬೇಸಿಗೆ ಬರೆದು, "ದಾಖಲಾಗಿದೆ" ಎಂದು ತಾಂಡೇಲನಿಗೆ ಉತ್ತರ ಕಳಿಸುತ್ತಿತ್ತು.

ಇನ್ನೊಂದು ಪದ್ಧತಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಗಾಳಿಯ ವಾರ್ನಿಂಗು ಮಳೆಗಾಲದ ಹಿಂದೆ ಮುಂದೆ ದಿನವೂ ಬರುತ್ತದೆ. ಪ್ರತಿ ವಾರ್ನಿಂಗಿಗೂ ತಿರುಗಿ ಬಂದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ಒಪ್ಪಂದವಾಗಿತ್ತು. ವೈರ್ಲೆಸ್ಸಿನಲ್ಲಿ ಎಲ್ಲರಿಗೂ ಸೇರಿಸಿ ಹೇಳಿದರೆ ಹುಷಾರಾಗಿರಿ ಎಂದರ್ಥ. ದೋಣಿಯ ಹೆಸರು ಹಿಡಿದು ಕರೆದರೆ ಬಲೆ ಎತ್ತಿ ಬನ್ನಿ ಎಂದರ್ಥ. ಆ ಹೆಸರುಗಳು ಡೇಟಾಬೇಸಿನಿಂದ ಬರಬೇಕು. ಅಲ್ಲಿ ಹೆಸರಿಲ್ಲದ ದೋಣಿಯನ್ನು ಯಾರೂ ಕರೆಯುವುದಿಲ್ಲ.

ನಾನು ಓದಿದ್ದು ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದು. ನಮ್ಮ ಸಿಸ್ಟರ್ ಅನಸ್ತಾಸಿಯಾ ಸಂಜೆ ಸ್ನಾನದ ಮನೆಗಳ ಸಾಲಿಗೆ ಬೀಗ ಹಾಕುವ ಮೊದಲು ಪ್ರತಿ ಬಾಗಿಲನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ "ಹೂ ಈಸ್ ಇನ್ಸೈಡ್? ನೇಮ್ ಪ್ಲೀಸ್" ಎನ್ನುತ್ತಿದ್ದರು. ಬಾಗಿಲು ತೆರೆದೇ ಇದ್ದರೂ ಕೇಳುತ್ತಿದ್ದರು. ನಾವು ಹಿಂದಿನಿಂದ ಅಣಕಿಸಿ ನಗುತ್ತಿದ್ದೆವು. ಈಗ ನೆನೆದರೆ ಮನಸ್ಸು ಒದ್ದೆಯಾಗುತ್ತದೆ. ನನ್ನ ವೃತ್ತಿಗೆ ಬೇಕಾದ ಒಂದೇ ಒಂದು ಪಾಠವನ್ನು ಕಲಿಸಿದವರು ಅವರು, ಕಂಪ್ಯೂಟರ್ ಎಂಬುದನ್ನು ಕಣ್ಣಿನಿಂದಲೂ ನೋಡದವರು.

ಸಾಕೆಟ್ ಫೈಲ್ ಎಂದರೇನು ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಮ್ಯಾನೇಜರ್ ಶಾನಭಾಗ ಸರ್ ಅವರ ಕೈಗುಣದಿಂದ. ಕುಮಟೆಯವರು, ಒಳ್ಳೆಯ ಮನುಷ್ಯ, ಶುಚಿಯ ಹುಚ್ಚು. ಒಂದು ದಿನ ಸರ್ವರಿನಲ್ಲಿ ಎಲ್ಲರೂ ಬಳಸುವ ಟಿಎಂಪಿ ಎಂಬ ಫೋಲ್ಡರನ್ನು ತೆರೆದು ಕಸ ಗುಡಿಸತೊಡಗಿದರು.

"ಲೂಸಿ ಬಾಯಿ, ಇದೆಂತ ಫೈಲು? ಸೈಜು ಝೀರೋ. ಒಳಗೆ ಎಂತದೂ ಇಲ್ಲದ್ದನ್ನ ಇಟ್ಕಂಡು ನೀವು ಪೂಜೆ ಮಾಡ್ತ್ರಾ?"

ನಾನು ಎದ್ದು ಬರುವುದರೊಳಗೆ ಅಳಿಸಿಯಾಗಿತ್ತು. ಸರ್ವರ್ ಓಡುತ್ತಲೇ ಇತ್ತು, ಮೋಡೆಮ್ಮಿನ ಪ್ರೋಗ್ರಾಮಿಗೆ ಮಾತ್ರ ಒಳಗೆ ಹೋಗಲು ದಾರಿ ಸಿಗದಾಯಿತು. ಏಕೆಂದರೆ ಆ ಖಾಲಿ ಸಾಕೆಟ್ ಫೈಲೇ ಬಾಗಿಲು. ಸರ್ವರ್ ಎದ್ದಾಗ ಅದು ಹುಟ್ಟುತ್ತದೆ, ಸರ್ವರ್ ಮಲಗಿದಾಗ ಹೋಗುತ್ತದೆ, ಅದೇ ಯಂತ್ರದೊಳಗಿನ ಪ್ರೋಗ್ರಾಮುಗಳು ಅದರ ಮೂಲಕ ಡೇಟಾಬೇಸಿನ ಜೊತೆ ಮಾತಾಡುತ್ತವೆ. ಶಾನಭಾಗ ಸರ್ ಮನೆಯೊಳಗೆ ದೀಪ ಉರಿಯುತ್ತಿದ್ದಂತೆಯೇ ಬಾಗಿಲನ್ನು ಗೋಡೆ ಮಾಡಿಬಿಟ್ಟಿದ್ದರು. ಸರ್ವರನ್ನು ಮಲಗಿಸಿ ಎಬ್ಬಿಸಿದ ಮೇಲೆ ಸರಿಹೋಯಿತು. ಅವರು ಕೈ ತೊಳೆದು ಬಂದು, "ಆತಲ್ಲ, ಎಂತಕ್ಕೆ ಅಷ್ಟು ಹೆದರ್ತ್ರಿ" ಎಂದರು.

ಅಂದು ಬಾಗಿಲು ಇಲ್ಲದ್ದಕ್ಕೆ ಹೆದರಿದ್ದೆ. ಬಾಗಿಲು ತೆರೆದಿರುವುದು ಅದಕ್ಕಿಂತ ಭಯಂಕರ ಎಂದು ಗೊತ್ತಾಗಿದ್ದು ಅಪ್‌ಗ್ರೇಡಿನ ದಿನ.

ನಮ್ಮ ಡೇಟಾಬೇಸ್ ಬಹಳ ಹಳೆಯದಾಗಿತ್ತು, ಹೊಸ ಆವೃತ್ತಿಗೆ ಹೋಗಲೇಬೇಕಿತ್ತು. ಹುಬ್ಬಳ್ಳಿಯ ಒಂದು ಕಂಪನಿಯಿಂದ ಪ್ರಶಾಂತ ಎಂಬ ಎಂಜಿನಿಯರ್ ಬರುವವನಿದ್ದ. ದಿನ ಗೊತ್ತು ಮಾಡಿದ್ದು ಶಾನಭಾಗ ಸರ್.

"ಭಾನುವಾರ. ಅವತ್ತು ದಕ್ಕೆಲಿ ನಾಯಿ ಸೈತ ಇರೂದಿಲ್ಲ."

ಹೊನ್ನಾವರಕ್ಕೆ ಆ ಮಾತು ಹೌದು. ಇಲ್ಲೇ ಪಕ್ಕದ ಕಾಸರಕೋಡಿನಲ್ಲಿ ನಮ್ಮ ಕ್ರಿಸ್ತುವರ ದೋಣಿಗಳು ಭಾನುವಾರ ಇಳಿಯುವುದಿಲ್ಲ, ಹರಾಜಿಲ್ಲದ್ದರಿಂದ ಉಳಿದವರೂ ಹೆಚ್ಚಾಗಿ ಇಳಿಯುವುದಿಲ್ಲ. ಆದರೆ ಭಟ್ಕಳದಲ್ಲಿ ರಜೆ ಶುಕ್ರವಾರ. ನಮಾಜಿಗೆಂದು ದೋಣಿ ಕಟ್ಟಿದವರು ಶನಿವಾರ, ಭಾನುವಾರ ಬಿಡುವುದೇ ಹೆಚ್ಚು. ಮೂರು ಊರಿನ ಕಡಲು ಒಂದೇ, ಭಾನುವಾರ ಒಂದೇ ಅಲ್ಲ. ಹಾಗೆಂದು ನಾನು ಹೇಳಿದೆ.

"ಭಟ್ಕಳದ ಮುಸ್ತಾಕನಿಗೆ ಫೋನ್ ಮಾಡಿ ಹೇಳ್ತೆ, ಮಧ್ಯಾಹ್ನದ ತನಕ ಮೆಸೇಜ್ ಬೇಡ ಅಂತ. ಸಾಕಲ್ಲ?" ಎಂದರು. ಮುಸ್ತಾಕ್ ಭಟ್ಕಳ ದಕ್ಕೆಯ ನಮ್ಮ ಕೌಂಟರಿನವನು. ಅವನು ದಕ್ಕೆಗೆ ಬಂದವರಿಗೆಲ್ಲ ಹೇಳಿದನಂತೆ. ದಕ್ಕೆಗೆ ಬಾರದೆ ತಮ್ಮ ಕೇರಿಯ ದಂಡೆಯಿಂದಲೇ ಇಳಿಯುವವರಿಗೆ ಹೇಳುವವರು ಯಾರು?

ಭಾನುವಾರ ಚರ್ಚಿನಲ್ಲಿ ಮಾಸ್ ಮುಗಿಸಿ ನಾನು ಆಫೀಸಿಗೆ ಬಂದೆ. ವೈರ್ಲೆಸ್ಸಿನಲ್ಲಿ ನಾಗೇಶ ಖಾರ್ವಿ ಡ್ಯೂಟಿಯಲ್ಲಿದ್ದ. ಪ್ರಶಾಂತ ಬಂದವನೇ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು ಮೇಜಿನ ಮೇಲೆ ಸುರುಳಿ ಸುತ್ತಿಟ್ಟ.

"ಈಗ ಇದಕ್ಕೆ ಹೊರಗಿನ ಪ್ರಪಂಚಾನೇ ಇಲ್ರಿ ಮೇಡಮ್. ಯಾರೂ ಬರಾಕ ಆಗೂದಿಲ್ಲ."

ಅವನ ಬಳಿ ಅಪ್‌ಗ್ರೇಡಿಗೆಂದೇ ಮಾಡಿದ ಒಂದು ಟೂಲ್ ಇತ್ತು. ಅದು ಹಳೆಯ ಸರ್ವರನ್ನು ಎಬ್ಬಿಸಿ ಒಳಗಿನದನ್ನೆಲ್ಲ ಒಂದೊಂದಾಗಿ ಓದಿಕೊಳ್ಳುತ್ತದೆ, ಹಳೆಯದನ್ನು ಮಲಗಿಸುತ್ತದೆ, ಹೊಸದನ್ನು ಎಬ್ಬಿಸಿ ಓದಿದ್ದನ್ನು ಅದರೊಳಗೆ ಸುರಿಯುತ್ತದೆ. ಕೆಲಸ ಸಲೀಸಾಗಲೆಂದು ಆ ಹೊತ್ತಿಗೆ ಪಾಸ್‌ವರ್ಡ್ ಕೇಳುವುದನ್ನೂ ಬಿಟ್ಟಿರುತ್ತದೆ. ಎಬ್ಬಿಸಿದ ಹಳೆಯ ಸರ್ವರ್ ತನ್ನ ಬಾಗಿಲನ್ನು ಎಲ್ಲಿ ಇಡುತ್ತದೆ ಎಂದು ನಾನು ಕೇಳಿದೆ.

"ಡಿಫಾಲ್ಟ್ ಜಾಗದಾಗ. ಟಿಎಂಪಿ" ಎಂದ. ಯಂತ್ರದೊಳಗಿನ ಪ್ರತಿ ಪ್ರೋಗ್ರಾಮೂ ಬಂದು ಕೂರುವ ಜಗಲಿಯಲ್ಲಿ, ಎಂದಿನ ಹೆಸರಿನಲ್ಲಿ. ನಾನು ಮೇಜಿನ ಮೇಲಿನ ಕೇಬಲ್ ಸುರುಳಿಯನ್ನು ನೋಡಿದೆ. ಹೊರಗಿನ ಪ್ರಪಂಚವನ್ನು ಅವನು ಕಿತ್ತಿಟ್ಟಿದ್ದು ನಿಜ. ಆದರೂ ಏನೋ ಸರಿಯಿಲ್ಲ ಎನಿಸುತ್ತಿತ್ತು, ಏನೆಂದು ಹೊಳೆಯಲಿಲ್ಲ.

ಓದುವ ಕೆಲಸ ಮುಗಿಯಿತು. ಹಳೆಯ ಸರ್ವರನ್ನು ಮಲಗಿಸುವಾಗ ಟೂಲ್ ನಿಂತುಬಿಟ್ಟಿತು. ಪರದೆಯ ಮೇಲಿನ ಇಂಗ್ಲಿಷ್ ಸಾಲಿನ ಅರ್ಥ ಇಷ್ಟೇ: ಒಳಗೆ ಯಾರೋ ಇದ್ದಾರೆ, ಅವರು ಹೊರಗೆ ಹೋಗುವವರೆಗೆ ಕಾಯುತ್ತಿದ್ದೇನೆ.

ಕೇಬಲ್ ಮೇಜಿನ ಮೇಲಿತ್ತು. ರೂಮಿನಲ್ಲಿ ನಾವಿಬ್ಬರೇ. ಬೀಗ ಹಾಕಿದ ಮನೆಯೊಳಗಿನಿಂದ ಯಾರೋ ಕೆಮ್ಮಿದಂತಾಯಿತು.

"ಯಾರದು ಪ್ರಶಾಂತ?"

"ಯಾವುದೋ ಹ್ಯಾಂಗ್ ಆಗಿರೋ ಪ್ರೋಸೆಸ್ ಇರಬೇಕ್ರಿ. ಕಿಲ್ ಮಾಡ್ತೀನಿ."

"ಮೊದಲು ಹೆಸರು ನೋಡಪ್ಪಾ."

"ಹೆಸರು ತಗೊಂಡು ಏನ್ ಮಾಡ್ತೀರಿ ಮೇಡಮ್, ಮದುವಿ ಕರೀಬೇಕೇನು?" ಎಂದು ನಗುತ್ತಲೇ ಬಲವಂತವಾಗಿ ಮಲಗಿಸುವ ಕೀಲಿ ಒತ್ತಿದ. ಹಳೆಯ ಸರ್ವರ್ ಸತ್ತಿತು. ಟೂಲ್ ಮುಂದೆ ನಡೆಯಿತು. ಹೊಸದು ಎದ್ದು ನಿಂತು, ಎಲ್ಲವೂ ಹಸಿರು ಎಂದು ತೋರಿಸಿತು. ಶಾನಭಾಗ ಸರ್ ಅಧ್ಯಕ್ಷರಿಗೆ ಫೋನ್ ಮಾಡಿ "ಸಕ್ಸೆಸ್" ಎಂದೂ ಹೇಳಿಯಾಯಿತು.

ಊಟದ ಹೊತ್ತಿಗೆ ವಾರ್ನಿಂಗು ಬಂತು. ಸಂಜೆಗೆ ಜೋರು ಗಾಳಿ, ದೋಣಿಗಳನ್ನು ಕರೆಸಿಕೊಳ್ಳಿ. ನಾಗೇಶ ಸರ್ವರ್ ರೂಮಿಗೇ ಬಂದು ಹೊಸ ಡೇಟಾಬೇಸಿನಿಂದ ಹೆಸರು ಬರೆದುಕೊಂಡ. ಕುಮಟಾ ಕಡೆಯ ತದಡಿಯಿಂದ ಹೋದ ಕೆಲವೇ ದೋಣಿಗಳಿದ್ದವು. ಒಂದೊಂದನ್ನೇ ಹೆಸರು ಹಿಡಿದು ಕರೆದ, ಒಂದೊಂದೇ ಓಗೊಟ್ಟವು. ಎಲ್ಲ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ದಾಟಿ ಒಳಗೆ ಬಂದ ಸುದ್ದಿಯೂ ಸಿಕ್ಕಿತು.

"ಎಲ್ಲಾ ಬಂದಾತು ಅಕ್ಕೋರೆ. ಕಡಲು ಖಾಲಿ" ಎಂದು ನಾಗೇಶ ಹೊತ್ತು ಮೀರಿದ ಮೇಲೆ ಡಬ್ಬಿ ಬಿಚ್ಚಿ ಅನ್ನಕ್ಕೆ ಕೈ ಹಾಕಿದ.

ಕಡಲು ಖಾಲಿ ಎಂದಾಗ ನನಗೆ ಆ ಕೆಮ್ಮು ಮತ್ತೆ ಕೇಳಿಸಿತು. ಎದ್ದು ಸರ್ವರ್ ರೂಮಿಗೆ ಹೋದೆ. ಪ್ರಶಾಂತ ಬ್ಯಾಗು ಹೆಗಲಿಗೇರಿಸಿ ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದ. ಡಿಸ್ಕಿನಲ್ಲಿ ಜಾಗ ಕಡಿಮೆ, ಹಳೆಯ ಡೇಟಾಬೇಸನ್ನು ಅಳಿಸಿ ಹೋಗುತ್ತೇನೆ ಎಂದ. ಆಗ ನನ್ನ ಕಣ್ಣು ಯಂತ್ರದ ಹಿಂಬದಿಗೆ ಬಿತ್ತು. ಕೇಬಲ್ ಕಿತ್ತ ತೂತು ಖಾಲಿಯಿತ್ತು. ಅದರ ಪಕ್ಕದಲ್ಲೇ ಮೋಡೆಮ್ಮಿನ ಪುಟ್ಟ ಹಸಿರು ದೀಪ ಮಿಣುಕುತ್ತಿತ್ತು.

ಅದನ್ನು ಯಾರೂ ಕಿತ್ತಿರಲಿಲ್ಲ. ಹೊರಗಿನ ಪ್ರಪಂಚ ಅಲ್ಲೇ ಕೂತಿತ್ತು. ಮೋಡೆಮ್ಮಿನ ಪ್ರೋಗ್ರಾಮು ಅದೇ ಯಂತ್ರದೊಳಗಿನದು, ಅದಕ್ಕೆ ಕೇಬಲ್ ಬೇಕಿಲ್ಲ. ಬಾಗಿಲು ಎಂದಿನ ಜಾಗದಲ್ಲಿ ಕಂಡಿದೆ, ಪಾಸ್‌ವರ್ಡ್ ಕೇಳುವವರಿಲ್ಲ, ಒಳಗೆ ಹೋಗಿದೆ. ಟೂಲ್ ಓದಿ ಮುಗಿಸಿದ ಪುಟದ ಮೇಲೆ ಏನನ್ನೋ ಬರೆದಿದೆ. ಬರೆದದ್ದು ಹಳೆಯದರಲ್ಲಿ ಮಾತ್ರ ಇದೆ. ಹೊಸದಕ್ಕೆ ಬಂದಿಲ್ಲ.

ನಾನು ಕೀಬೋರ್ಡನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡೆ.

"ಮೇಡಮ್, ನನ್ನ ಬಸ್ಸಿಗೆ ಹೊತ್ತಾಗ್ತದರಿ."

"ನಿನ್ನ ಬಸ್ಸು ಹೋಗಲಿ. ಅಳಿಸೂದು ಬೇಡ."

ಶಾನಭಾಗ ಸರ್ ಬಂದರು. "ಲೂಸಿ ಬಾಯಿ, ಮುಗಿದ ಕೆಲ್ಸ ಮತ್ತೆ ಕೆದಕೂದೆಂತಕ್ಕೆ? ನಾನು ಅಧ್ಯಕ್ಷರಿಗೆ ಹೇಳಿ ಆತು."

"ಸರ್, ಒಳಗೆ ಒಬ್ಬರು ಇದ್ದರು. ನಾವು ಹೆಸರು ಕೇಳಲಿಲ್ಲ. ಐ ವಾಂಟ್ ದ ನೇಮ್."

ಅವರು ನನ್ನ ಮುಖ ನೋಡಿದರು, ಆಮೇಲೆ ಕಿಟಕಿಯಾಚೆಯ ತೆಂಗಿನ ತಲೆಗಳನ್ನು ನೋಡಿದರು. ಅವು ಆಗಲೇ ಒಂದೇ ದಿಕ್ಕಿಗೆ ಬಾಗತೊಡಗಿದ್ದವು. "ನೋಡಿ" ಎಂದಷ್ಟೇ ಹೇಳಿ ಕುರ್ಚಿ ಎಳೆದು ನನ್ನ ಪಕ್ಕ ಕೂತರು.

ಮಕ್ಕಳೇ, ಇಲ್ಲಿ ನಿಧಾನವಾಗಿ ಓದಿ. ಹಳೆಯ ಸರ್ವರನ್ನು ಮತ್ತೆ ಎಬ್ಬಿಸದೆ ಒಳಗೇನಿದೆ ಎಂದು ತಿಳಿಯದು. ಹಾಗೆಯೇ ಎಬ್ಬಿಸಿದರೆ ಅದು ಮತ್ತೆ ಜಗಲಿಯಲ್ಲೇ ಬಾಗಿಲು ತೆರೆಯಹೋಗುತ್ತದೆ. ಅಲ್ಲಿ ಈಗ ಹೊಸ ಸರ್ವರಿನ ಬಾಗಿಲಿದೆ. ಒಂದಕ್ಕೊಂದು ಡಿಕ್ಕಿ. ಹೊಸದನ್ನು ಮಲಗಿಸಿ ಹಳೆಯದನ್ನು ಎಬ್ಬಿಸಿದರೆ ಮೋಡೆಮ್ ಪುನಃ ಅದರೊಳಗೆ ನುಗ್ಗುತ್ತದೆ. ಹಾಗಾಗಿ ನಾನು ಒಂದು ಹೊಸ ಫೋಲ್ಡರ್ ಮಾಡಿದೆ. ನನ್ನ ಖಾತೆಯ ಹೊರತು ಯಾರೂ ಅದನ್ನು ತೆರೆಯುವಂತಿಲ್ಲ, ಇಣುಕುವಂತೆಯೂ ಇಲ್ಲ. ಹಳೆಯ ಸರ್ವರ್ ತನ್ನ ಬಾಗಿಲನ್ನು ಅದರೊಳಗೇ ಇಡಬೇಕು ಎಂದು ಹೇಳಿ ಎಬ್ಬಿಸಿದೆ.

ಏಳಲಿಲ್ಲ. ಕಾನ್ವೆಂಟ್ ಹುಡುಗಿಯ ಶಿಸ್ತಿನಲ್ಲಿ ಫೋಲ್ಡರಿಗೆ ಉದ್ದದ, ಅರ್ಥಪೂರ್ಣವಾದ ಹೆಸರಿಟ್ಟಿದ್ದೆ, ಅದೂ ಫೋಲ್ಡರಿನೊಳಗಿನ ಫೋಲ್ಡರಿನಲ್ಲಿ. ಸಾಕೆಟ್ ಫೈಲಿನ ಪೂರ್ತಿ ವಿಳಾಸ ಒಂದು ಮಿತಿಗಿಂತ ಉದ್ದವಿರುವಂತಿಲ್ಲ. ಆ ತಪ್ಪಿನ ಸಾಲನ್ನು ಓದಿದರೂ ತಲೆಗೆ ಹೋಗಲಿಲ್ಲ. ಹೊರಗೆ ತಗಡಿನ ಮಾಡು ಒಮ್ಮೆ ಎದ್ದು ಬಡಿಯಿತು. ಪ್ರಶಾಂತ ಬ್ಯಾಗನ್ನು ಕೆಳಗಿಟ್ಟು ಬಗ್ಗಿ ನೋಡಿ, "ಹೆಸರು ಉದ್ದ ಆತ್ರಿ ಮೇಡಮ್, ಸಣ್ಣದು ಇಡ್ರಿ" ಎಂದ. ಈಗ ಅವನ ದನಿಯಲ್ಲಿ ನಗು ಇರಲಿಲ್ಲ. ಎರಡೇ ಅಕ್ಷರದ ಹೆಸರಿಟ್ಟೆ. ಎದ್ದಿತು.

ಹಳೆಯದನ್ನೂ ಹೊಸದನ್ನೂ ಹೋಲಿಸಿದೆವು. ಹಳೆಯದರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಭಟ್ಕಳದ ದೋಣಿ. ತಾಂಡೇಲ ಇಸ್ಮಾಯಿಲ್. ಐದು ಜನ.

ಶಾನಭಾಗ ಸರ್ ಮೇಜಿನ ಮೇಲಿದ್ದ ಕೇಬಲ್ ಸುರುಳಿಯನ್ನು ಎತ್ತಿಕೊಂಡು ಬಿಚ್ಚುವುದು, ಸುತ್ತುವುದು ಮಾಡತೊಡಗಿದರು.

ನಾಗೇಶ ಅನ್ನದ ಕೈಯಲ್ಲೇ ಮೈಕ್ ಹಿಡಿದ. ಹೆಸರು ಹಿಡಿದು ಕರೆದ. ಉತ್ತರವಿಲ್ಲ. ಮತ್ತೆ ಕರೆದ. ವೈರ್ಲೆಸ್ಸಿನಲ್ಲಿ ಮರಳು ಜರಡಿ ಹಿಡಿದ ಸದ್ದು ಮಾತ್ರ. ನಾನು ಮುಸ್ತಾಕನಿಗೆ ಫೋನ್ ಮಾಡಿದೆ. ಗಾಳಿಗೆ ಅವನ ಮಾತು ಹರಿದು ಹರಿದು ಬರುತ್ತಿತ್ತು.

"ಇಸ್ಮಾಯಿಲ್ ಚಾಚಾನಾ? ಅವ್ರು ದಕ್ಕೆಗೆ ಬರ್ಲೇ ಇಲ್ಲ ಮೇಡಮ್. ಕೇರಿಯಿಂದ್ಲೇ ಬಿಟ್ಟಿದ್ದಾರಂತೆ. ಫೋನ್ ರೇಂಜಲ್ಲಿಲ್ಲ. ನಿಮ್ಮಿಂದ ಕರೆ ಹೋಗಿರ್ತದೆ ಅಂತ ಅವರ ಮನೆಯವ್ರು ಕೂತಿದ್ದಾರೆ. ಹೋಗಿದೆಯಲ್ಲ?"

ಕರೆ ಹೋಗಿದೆಯಲ್ಲ ಎಂಬ ಆ ಮಾತು ಈಗಲೂ ಕೆಲವು ಸಲ ನನ್ನನ್ನು ಎಬ್ಬಿಸುತ್ತದೆ.

ನಾಗೇಶ ಕರೆಯುತ್ತಲೇ ಇದ್ದ. ಅವನ ದನಿ ಮೊದಲು ಡ್ಯೂಟಿಯ ದನಿಯಾಗಿತ್ತು, ಆಮೇಲೆ ಮನೆಯ ದನಿಯಾಯಿತು. "ಇಸ್ಮಾಯಿಲಣ್ಣಾ, ಎಲ್ಲಿದ್ರಿ? ಒಂದ್ ಸಲ ಮಾತಾಡಿ ಮಾರಾಯ್ರೆ." ನಾನು ಪರ್ಸಿನೊಳಗಿನ ಜಪಸರವನ್ನು ಹೊರಗೆ ತೆಗೆಯಲಿಲ್ಲ. ಪರ್ಸಿನೊಳಗೇ ಬೆರಳಾಡಿಸಿದೆ. ಕಿಟಕಿಯಲ್ಲಿ ಬೆಳಕು ಹಳದಿಯಾಗಿ ಆಮೇಲೆ ಬೂದಿಯಾಗುತ್ತಿತ್ತು. ಪ್ರಶಾಂತ ಗೋಡೆಗೊರಗಿ ನಿಂತಿದ್ದ. ಬಸ್ಸಿನ ಮಾತನ್ನು ಮತ್ತೆ ಎತ್ತಲಿಲ್ಲ.

ಕೊನೆಗೆ ಮರಳಿನ ಸದ್ದಿನೊಳಗಿನಿಂದ ಒಂದು ದನಿ ಬಂತು. "ಯಾರು, ನಾಗೇಶನಾ? ಈಗ ಕರೀತೀರಾ?"

ನೇತ್ರಾಣಿ ದ್ವೀಪದಿಂದಲೂ ಆಚೆ ಇದ್ದರು. ಮರಳಿ ಭಟ್ಕಳಕ್ಕೆ ಬರುವಷ್ಟು ಹೊತ್ತು ಉಳಿದಿರಲಿಲ್ಲ. ಅಳಿವೆಯ ಬಾಯಿಗೆ ಬಂದು ತೆರೆಗೆ ಸಿಕ್ಕುವುದಕ್ಕಿಂತ ದ್ವೀಪದ ಮರೆಗೆ ಹೋಗಿ ಲಂಗರು ಹಾಕಿ ಎಂದು ನಾಗೇಶ ಹೇಳಿದ. ಆತು ಎಂದಿತು ಆ ದನಿ. ಆಮೇಲೆ ಗಾಳಿ ಎಲ್ಲವನ್ನೂ ನುಂಗಿತು. ಬೆಳಗಿನ ತನಕ ನಮಗೆ ಏನೂ ತಿಳಿಯಲಿಲ್ಲ. ಆ ಹೊತ್ತಿನ ಬಗ್ಗೆ ನಾನು ಬರೆಯಲಾರೆ. ಬೆಳಕಾದ ಮೇಲೆ ಮುಸ್ತಾಕ್ ಫೋನ್ ಮಾಡಿ ಐದೂ ಜನ ದಂಡೆಗೆ ಬಂದರೆಂದ. ಬಲೆ ಹೋಗಿತ್ತು, ಒಬ್ಬನ ಕೈ ಮುರಿದಿತ್ತು.

ಆ ಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಅಪ್‌ಗ್ರೇಡಿಗೆ ಮೊದಲು ಮೋಡೆಮ್ಮಿನ ಪ್ರೋಗ್ರಾಮನ್ನು ನಿಲ್ಲಿಸಿ, ಮೋಡೆಮ್ಮನ್ನೇ ಕಿತ್ತು ಮೇಜಿನ ಮೇಲಿಡುತ್ತೇವೆ. ತಾತ್ಕಾಲಿಕ ಸಾಕೆಟ್ಟನ್ನು ಜಗಲಿಯಲ್ಲಿ ಇಡುವ ಟೂಲನ್ನು ಮುಟ್ಟುವುದಿಲ್ಲ. ಪ್ರತಿ ಸಲವೂ ಹೊಸ ಫೋಲ್ಡರ್, ಯಾರೂ ಊಹಿಸಲಾಗದ ಹೆಸರು, ಚಿಕ್ಕದು, ಒಬ್ಬರಿಗೇ ಕೀಲಿ, ಕೆಲಸ ಮುಗಿದ ಕೂಡಲೇ ಅಳಿಸುವುದು. ಹಳೆಯ ಡೇಟಾಬೇಸನ್ನು ಮಾತ್ರ ಅಳಿಸಲು ಅವಸರವಿಲ್ಲ. ಒಳ್ಳೆಯ ಟೂಲುಗಳು ಈಗ ಇದರಲ್ಲಿ ಬಹಳಷ್ಟನ್ನು ತಾವೇ ಮಾಡುತ್ತವೆ, ಥ್ಯಾಂಕ್ ಗಾಡ್. ದಿನ ಗೊತ್ತು ಮಾಡುವಾಗ ಶಾನಭಾಗ ಸರ್ ಮೂರೂ ಊರಿಗೆ ಫೋನ್ ಮಾಡಿ, ಯಾವ ಕೇರಿಯವರು ಯಾವ ದಿನ ಇಳಿಯುತ್ತಾರೆ ಎಂದು ತಾವೇ ಕೇಳುತ್ತಿದ್ದರು. ಸರ್ವರ್ ಮಲಗಿಸುವಾಗ ಒಳಗೆ ಯಾರೋ ಇದ್ದಾರೆ ಎಂದು ಬಂದರೆ ಅವರೇ ತಗ್ಗಿದ ದನಿಯಲ್ಲಿ "ಹೆಸರು ಕೇಳಿ" ಎನ್ನುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಿಮಗೆ ಒಳ್ಳೆಯ ಪಾಠವಾಗುತ್ತಿತ್ತು. ಆದರೆ ಇಸ್ಮಾಯಿಲ್ ಒಂದು ದಿನ ಆಫೀಸಿಗೆ ಬಂದರು. ಬಿಳಿ ಗಡ್ಡ, ಬಿಸಿಲಿಗೆ ಸುಟ್ಟ ಕೊರಳು, ಕೈಯಲ್ಲಿ ನನಗೆಂದು ಒಣಸಿಗಡಿಯ ಪೊಟ್ಟಣ. ಬೈಯಲು ಬಂದರೆಂದು ನಾನು ಎದ್ದು ನಿಂತೆ. ಬೈಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಹಳೆಯ ಫೋನು ತೆಗೆದು ಒಂದು ಮೆಸೇಜು ತೋರಿಸಿದರು. ದಾಖಲಾಗಿದೆ.

"ಇದು ನಿಮ್ದೇ ಅಲ್ವಾ ಅಕ್ಕೋರೆ?"

"ನಮ್ಮದೇ."

"ಮಧ್ಯಾಹ್ನವೇ ಮೋಡ ಕಂಡಿತ್ತು. ಹುಡುಗ್ರು ವಾಪಸ್ ಹೋಗುವಾ ಅಂದ್ರು. ವೈರ್ಲೆಸ್ಸಲ್ಲಿ ನಾಗೇಶ ತದಡಿಯವ್ರನ್ನ ಒಬ್ಬೊಬ್ರನ್ನೇ ಕರೀತಿದ್ದ, ಕೇಳ್ತಿತ್ತು. ನಮ್ಮ ಹೆಸ್ರು ಬರ್ಲಿಲ್ಲ. ನಾನು ಹುಡುಗ್ರಿಗೆ ಇದನ್ನ ತೋರಿಸ್ದೆ. ನಾವು ಇಲ್ಲಿರೂದು ಆಫೀಸಿಗೆ ಗೊತ್ತಿದೆ, ನಮ್ಮ ಕಡೆ ಗಾಳಿ ಬರೂದಿದ್ರೆ ನಮ್ಮನ್ನೂ ಕರೀತಿದ್ರು, ಬಲೆ ಬಿಡಿ ಅಂದೆ."

ನಾನು "ಇನ್ನು ಮೆಸೇಜು ಬಂದರೂ ಒಮ್ಮೆ ಆಕಾಶ ನೋಡಿ ಇಸ್ಮಾಯಿಲರೇ" ಎಂದೆ.

ಅವರು ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಆಕಾಶ ನೋಡೂಕೆ ನಮ್ಗೆ ಬರ್ತಿತ್ತು ಅಕ್ಕೋರೆ. ನಿಮ್ಮ ಮೆಸೇಜು ಬರೂಕೆ ಶುರುವಾದ ಮೇಲೆ ಬಿಟ್ಟದ್ದು."